ಭಂಗಿ ಹಾಲಿನ ಲೋಟ

“ಬಸುರಿದ್ದಾಗ ಏನಾರ ನಾಟಿ ಔಷಧ ತಗೊಂಡಿದ್ರೇನು?” ಎಂದು ಸವದತ್ತಿಯ ಲೇಡಿ ಡಾಕ್ಟರ್ ಕೇಳಿದಾಗ, ಜೊತೆಗೆ ಬಂದಿದ್ದ ನೆಗೆಣ್ಣಿಯ ಮುಖ ನೋಡಿದೆ. ಅವಳು ನನ್ನ ಮೈದುನನ ಹೆಂಡತಿ.

ನಾಲ್ಕು ತುಂಬಿದರೂ ನನ್ನ ಮಗ ಎರಡು ಮಾತು ಕೂಡಿಸಿ ಆಡುತ್ತಿರಲಿಲ್ಲ, ಒಂದು ಕಡೆ ಕೂರುತ್ತಿರಲಿಲ್ಲ. ಅವನಿಗಿಂತ ತಿಂಗಳು ಚಿಕ್ಕವಳಾದ ಅವಳ ಮಗಳು ಗೋಡೆಯ ಕುಟುಂಬ ಯೋಜನೆಯ ಚಿತ್ರಕ್ಕೆ ಬೆರಳಿಟ್ಟು, “ಅವ್ವ, ಅಪ್ಪ, ತಂಗಿ” ಎಂದು ಪಟಪಟನೆ ಹೇಳುತ್ತಿದ್ದಳು. ಕೇಳಿದಷ್ಟೂ ನನ್ನ ಹೊಟ್ಟೆ ಉರಿಯುತ್ತಿತ್ತು.

ನಾವಿಬ್ಬರೂ ಒಟ್ಟಿಗೇ ಬಸುರಿಯರಾಗಿದ್ದೆವು. ಅವಳಿಗೆ ವಾಂತಿ ಹೆಚ್ಚೆಂದು ಅತ್ತೆ ಭಂಗಿ ಸೊಪ್ಪು ಅರೆದು, ಗಸಗಸೆ, ಬೆಲ್ಲ ಸೇರಿಸಿ ಹಾಲು ಕೊಡುತ್ತಿದ್ದರು. ಹೊಟ್ಟೆಗೆ ತಂಪು ಎಂಬ ನಂಬಿಕೆ. ಕಿರಿಯಳಿಗಷ್ಟೇ ಈ ಉಪಚಾರವೇ ಎಂದು ನಾನು ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಕೊಂಡೆ. ಮರುದಿನದಿಂದ ನನಗೂ ಲೋಟ ಬಂತು. ಹೆರಿಗೆಯವರೆಗೂ ಕುಡಿದೆ.

“ಭಂಗಿ ಹಾಲು ಕುಡದೀನ್ರಿ. ಇಕಿನೂ ಕುಡದಾಳ, ಇಕಿ ಮಗಳಿಗೇನೂ ಆಗಿಲ್ಲಲ್ರಿ,” ಎಂದೆ.

ನೆಗೆಣ್ಣಿ ತಲೆ ತಗ್ಗಿಸಿದಳು. “ನಾ ಒಂದ ದಿನಾನೂ ಕುಡದಿಲ್ಲಕ್ಕಾ. ಆ ವಾಸನಿ ನನಗ ಆಗತಿದ್ದಿಲ್ಲ. ಅತ್ತಿ ಆ ಕಡೆ ಹೋದ ಕೂಡಲೇ ಹಿತ್ತಲದಾಗ ಕರಿಬೇವಿನ ಬುಡಕ್ಕ ಸುರೀತಿದ್ನಿ.”

ಭಂಗಿಯೆಂದರೆ ಗಾಂಜಾವೇ, ಬಸುರಿ ಕುಡಿದದ್ದು ಕೂಸಿಗೂ ಮುಟ್ಟುತ್ತದೆ, ಆದರೆ ಅದರಿಂದಲೇ ಹೀಗಾಯಿತೆಂದು ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರ್.

ನನ್ನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಹಿತ್ತಲಿನ ಕರಿಬೇವು ಸೊಂಪಾಗಿ ಬೆಳೆದಿದೆ. ಒಗ್ಗರಣೆಗೆ ಅದರ ಒಂದೆಲೆ ಕಿತ್ತು ತರುವುದು ಇವತ್ತಿಗೂ ನನ್ನ ಕೈಲಾಗಿಲ್ಲ.