ಕುಂಟೆ ಹೊಡೆದ ಹೊಲಕ್ಕೆ ಇಳಿದ ವಿಮಾನ

1963ರ ಸುಗ್ಗಿ ಮುಗಿದಿತ್ತು. ಹೊಲಗಳೆಲ್ಲ ಬರಿದಾಗಿ ಬಿಸಿಲು ಏರತೊಡಗಿದ್ದ ಕಾಲ. ನಾನಾಗ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಇಂಜಿನಿಯರ್ ಆಗಿದ್ದೆ. ಬೆಂಗಳೂರಿನಲ್ಲಿ ಓದುವಾಗ ವಿಮಾನ ಹಾರಿಸುವುದನ್ನು ಕಲಿತಿದ್ದೆ. ಕಲಿತ ವಿದ್ಯೆ ಸುಮ್ಮನೆ ಕೂರಲು ಬಿಡಬೇಕಲ್ಲ! ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಟೈರ್ ಅಂಗಡಿಯ ಗೆಳೆಯ ಇಬ್ರಾಹಿಂ ಜೊತೆ ಸೇರಿ, ಒಬ್ಬರೇ ಕೂರುವಂಥ ಪುಟ್ಟ ವಿಮಾನವನ್ನು ಕಟ್ಟಿ ಮುಗಿಸುವ ಹಂತಕ್ಕೆ ತಂದಿದ್ದೆ. ಯುದ್ಧಕಾಲದ ಗುಜರಿ ಎಂಜಿನ್ನು, ಮರದ ಪಟ್ಟಿಯ ರೆಕ್ಕೆ, ಅದರ ಮೇಲೆ ಬಿಗಿದ ಬಟ್ಟೆ ನಮ್ಮ ಗಿರಣಿಯದೇ. ಅನುಮತಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ಬರೆಯಹೊರಟರೆ ದೊಡ್ಡ ಪುರಾಣವಾದೀತು, ಬಿಡಿ. ನನ್ನ ಹೆಂಡತಿ ಸರೋಜ ಮಾತ್ರ ಆ ವಿಮಾನವನ್ನು ಕೊನೆಯವರೆಗೂ "ನನ್ನ ಸವತಿ" ಎಂದೇ ಕರೆಯುತ್ತಿದ್ದಳು.

ರೆಕ್ಕೆ, ಬಾಲ, ಎಂಜಿನ್ನು ಯಾವುದಕ್ಕೂ ನಾವಿಬ್ಬರು ಜಗಳವಾಡಲಿಲ್ಲ. ಜಗಳ ಹತ್ತಿದ್ದು ಕಾಲಿನ ವಿಷಯಕ್ಕೆ. ವಿಮಾನ ಇಳಿಯುವಾಗ ನೆಲದ ಪೆಟ್ಟನ್ನು ಚಕ್ರದ ಮೇಲಿನ ಕಾಲುಗಳು ನುಂಗಿಕೊಳ್ಳಬೇಕು. ನುಂಗದಿದ್ದರೆ ಕಾಲು ಮುರಿಯುತ್ತದೆ, ಮೂಗು ನೆಲಕ್ಕೆ ಬಡಿಯುತ್ತದೆ, ಒಳಗೆ ಕೂತವನ ಗತಿ ಹೇಳಬೇಕಾಗಿಲ್ಲ. ನನಗೆ ಹಳೇ ಕಾರಿನ ಉಕ್ಕಿನ ಕಮಾನು ಪಟ್ಟಿಗಳ ಮೇಲೆ ಮನಸ್ಸು. ಇಬ್ರಾಹಿಂ ಒಪ್ಪಲಿಲ್ಲ.

"ರಬ್ಬರ್ ಹಾಕಾನ. ಎರಡೂ ಕಾಲಿಗೆ ಕೀಲು ಕೊಟ್ಟು, ಹೊಟ್ಟೆ ಕೆಳಗೆ ಲಾರಿ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಾನ. ಪೆಟ್ಟು ಬಿದ್ರೆ ಕಾಲು ಅಗಲ ಆಗ್ತಾವೆ, ರಬ್ಬರ್ ಹಿಗ್ಗಿ ಮತ್ತೆ ಒಳಗೆ ಎಳಕೊಳ್ತೈತೆ" ಅಂದ.

"ನೀನು ಟ್ಯೂಬ್ ಮಾರೋನು, ನಿನಗೆ ಇನ್ನೇನು ಕಾಣ್ತೈತೆ? ರಬ್ಬರ್ ಬಿಸಿಲಿಗೆ ಬಿರಿತೈತೆ ಕಣೋ" ಅಂದೆ.

"ಬಿರಿದ್ರೆ ಬ್ಯಾರೆ ಸುತ್ತಾನ. ನಿನ್ನ ಉಕ್ಕು ತಿಂದ ಪೆಟ್ಟನ್ನ ಇಟ್ಟುಕೊಳ್ಳಲ್ಲ ರುದ್ರಣ್ಣ, ತಿರುಗಿ ನಿನಗೇ ಕೊಡ್ತೈತೆ."

ಬಾಯಿಮಾತಿಗೆ ಇಬ್ಬರೂ ಸೋಲುವ ಪೈಕಿ ಅಲ್ಲ. ಕೊನೆಗೆ ಪರೀಕ್ಷೆ ಮಾಡೋಣ ಎಂದಾಯಿತು. ವಿಮಾನದ ತೂಕಕ್ಕೆ ಸಮನಾಗಿ ಜೋಳದ ಚೀಲಗಳನ್ನು ಒಂದು ಚೌಕಟ್ಟಿಗೆ ಕಟ್ಟಿ, ರಾಟೆಯಿಂದ ಎದೆಮಟ್ಟಕ್ಕೆ ಎತ್ತಿ ಬಿಡುವುದು. ಮೊದಲು ನನ್ನ ಕಮಾನು ಪಟ್ಟಿ. ಹಗ್ಗ ಬಿಟ್ಟೆವು. ಚೌಕಟ್ಟು ನೆಲಕ್ಕೆ ಬಡಿದು ಮೇಲಕ್ಕೆ ನೆಗೆಯಿತು, ಓರೆಯಾಗಿ ಮತ್ತೆ ಬಿತ್ತು, ಒಂದು ಚೀಲ ಹರಿದು ಜೋಳವೆಲ್ಲ ಹಿತ್ತಿಲ ಪಾಲಾಯಿತು. ಆಮೇಲೆ ಇಬ್ರಾಹಿಮನ ರಬ್ಬರು. ಕಾಲುಗಳು ಅಗಲವಾದವು, ಹೊಟ್ಟೆ ಕುಗ್ಗಿತು, ಒಮ್ಮೆ ಏರಿ ಇಳಿದು ಮಂಡಿಯೂರಿ ಮಲಗುವ ಎಮ್ಮೆಯಂತೆ ನಿಧಾನಕ್ಕೆ ಕೂತಿತು. ಸದ್ದಿಗೆ ಹೊರಬಂದ ಸರೋಜ ಚೆಲ್ಲಿದ ಜೋಳ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ರೀ, ನಂಗೆ ನಿಮ್ಮ ಇಂಜಿನಿಯರಿಂಗ್ ಎಲ್ಲ ತಿಳಿಯಲ್ಲ. ಯಾವುದು ನನ್ನ ಜೋಳ ಚೆಲ್ಲಲಿಲ್ಲವೋ ಅದನ್ನ ಹಾಕ್ಕೊಳ್ರಿ. ನಾಳೆ ಆ ಚೀಲದ ಜಾಗದಲ್ಲಿ ಕೂರೋರು ನೀವು."

ಆ ಮಾತು ಕೇಳಿದ ಮೇಲೆ ರಬ್ಬರಿಗೇ ಒಪ್ಪಿಕೊಂಡೆ. ನನ್ನ ಸಮಾಧಾನಕ್ಕೆ, ರಬ್ಬರು ಹಿಗ್ಗಿದರೂ ಕಾಲುಗಳು ಮಿತಿಮೀರಿ ಅಗಲವಾಗದಿರಲಿ ಎಂದು ಎರಡರ ನಡುವೆ ಒಂದು ತಂತಿಹಗ್ಗ ಕಟ್ಟಿದೆ. ಕಾಲುಗಳ ತುದಿಗೆ ಸ್ಕೂಟರಿನ ದಪ್ಪ ಚಕ್ರ ಬಂತು. ಅಂತೂ ಕಾಲು ಸಿದ್ಧವಾಯಿತು.

ಕೊಕ್ಕನೂರಿನ ಹಾಲಪ್ಪಗೌಡರು ನಮ್ಮ ಗಿರಣಿಗೆ ಹತ್ತಿ ಹಾಕುತ್ತಿದ್ದವರು. ದೊಡ್ಡ ರುಮಾಲಿನ ದೊಡ್ಡ ಮನಸ್ಸಿನ ಮನುಷ್ಯ. ಒಮ್ಮೆ ಶೆಡ್ಡಿಗೆ ಬಂದು ವಿಮಾನದ ಮೈದಡವಿ, "ಇದು ಮೊದ್ಲು ನಮ್ಮೂರಿಗೇ ಬರಬೇಕು. ನಮ್ಮ ಉದ್ದನೇ ಹೊಲ ಖಾಲಿ ಐತೆ, ಅಲ್ಲಿ ಇಳಿಸ್ರಿ" ಅಂದರು. ನಾನು ಹೋಗಿ ಹೊಲವನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿದೆ. ನೆಲ ಕಣದ ಹಾಗೆ ಗಟ್ಟಿಯಾಗಿತ್ತು. ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎನಿಸಿತು. ಗೌಡರು ಮಾತ್ರ ಕೋಲಿನಿಂದ ನೆಲ ಕುಟ್ಟುತ್ತಾ, "ಇಷ್ಟು ಬಿರುಸು ಐತಲ್ರಿ, ಮೇಲಿಂದ ಬಂದು ಬಡಿದ್ರೆ ಕಾಲು ಉಳೀತಾವೇನ್ರಿ?" ಎಂದು ಕೇಳಿದರು. "ಅದಕ್ಕೇ ರಬ್ಬರ್ ಹಾಕೀವಿ ಗೌಡ್ರೆ, ಚಿಂತೆ ಬ್ಯಾಡ" ಎಂದೆ. ಚಿಂತೆ ಅವರನ್ನು ಬಿಟ್ಟಿರಲಿಲ್ಲ ಎಂದು ನನಗೆ ತಿಳಿದದ್ದು ಆಕಾಶಕ್ಕೆ ಏರಿದ ಮೇಲೆ.

ಈಗ ಎಂ.ಸಿ.ಸಿ. ಬಡಾವಣೆಯ ಮನೆಗಳು ಎದ್ದಿರುವ ಕಡೆ ಆಗ ಬಟಾಬಯಲು. ಅಲ್ಲೇ ಕೆಲವು ವಾರ ಏರಿ ಇಳಿದು ಅಭ್ಯಾಸ ಮಾಡಿದೆ. ಆಮೇಲೆ ಒಂದು ಭಾನುವಾರ ಕೊಕ್ಕನೂರಿಗೆ ಹೊರಡುವುದೆಂದು ನಿಶ್ಚಯವಾಯಿತು. ನಮ್ಮ ಟ್ಯಾಂಕು ಚಿಕ್ಕದು. ಅಲ್ಲಿಗೆ ಹೋಗುವಷ್ಟು, ಮೇಲೆ ಇನ್ನೊಂದಿಷ್ಟು, ಅಷ್ಟೇ ಪೆಟ್ರೋಲು ಹಿಡಿಯುತ್ತಿತ್ತು. ಇಬ್ರಾಹಿಂ ಪೆಟ್ರೋಲ್ ಡಬ್ಬ ಹಿಡಿದು ಬೆಳಿಗ್ಗೆಯ ಬಸ್ಸಿಗೆ ಹರಿಹರಕ್ಕೆ ಹೋಗಿ, ಅಲ್ಲಿಂದ ಊರು ಸೇರಿ, ಹೊಲದಲ್ಲಿ ದನಕರು ಅಡ್ಡ ಬರದಂತೆ ನೋಡಿಕೊಳ್ಳಬೇಕಿತ್ತು. ಸರೋಜ ಬಯಲಿಗೆ ಬಂದು ಚಕ್ರದಡಿ ನಿಂಬೆಹಣ್ಣು ಇಟ್ಟಳು. ಹಣ್ಣು ಅಪ್ಪಚ್ಚಿಯಾಯಿತು, ನಾನು ಹೊರಟೆ.

ರೈಲು ಹಳಿಯ ಜಾಡು ಹಿಡಿದು ಹಾರಿದೆ. ಹರಿಹರದ ಹೊಳೆ ಹೊಳೆಯುವುದು ಕಂಡ ಮೇಲೆ ಎಡಕ್ಕೆ ತಿರುಗಿದೆ. ಕೆಳಗೆ ಕಾಲುವೆ, ಗದ್ದೆ, ಹುಲ್ಲಿನ ಬಣವೆ. ಅಷ್ಟು ಸಂತೋಷ ಜೀವಮಾನದಲ್ಲಿ ಪಟ್ಟಿರಲಿಲ್ಲ. ಜೋರಾಗಿ ಹಾಡಿಕೊಂಡೆ ಕೂಡ. ಕೊಕ್ಕನೂರು ಬಂತು, ಗೌಡರ ಹೊಲ ಕಂಡಿತು. ಹಾಡು ಅಲ್ಲಿಗೇ ನಿಂತಿತು.

ನಾನು ನಡೆದು ನೋಡಿದ್ದ ಬಿಳಚಿದ ಗಟ್ಟಿ ನೆಲ ಅಲ್ಲಿರಲಿಲ್ಲ. ಹೊಲ ಉದ್ದಕ್ಕೂ ಕಪ್ಪಗೆ, ಆಗಷ್ಟೇ ಕುಂಟೆ ಹೊಡೆದು ಸಡಿಲ ಮಾಡಿದ ಮಣ್ಣು. ಗೌಡರು, ಪಾಪ, ವಿಮಾನದ ಕಾಲಿಗೆ ನೋವಾಗದಿರಲಿ ಎಂದು ಹಾಸಿಗೆ ಹಾಸಿದ್ದರು! ಸಡಿಲ ಮಣ್ಣಿನಲ್ಲಿ ಚಕ್ರ ಹೂತರೆ ವಿಮಾನ ಮುಗ್ಗರಿಸಿ ತಲೆಕೆಳಗಾಗುತ್ತದೆ ಎಂದು ಅವರಿಗೆ ನಾನು ಹೇಳಿರಲೂ ಇಲ್ಲ, ಅವರು ಕೇಳಿರಲೂ ಇಲ್ಲ. ಸುತ್ತ ಬದುಗಳು, ಮರಗಳು, ನೀರು ನಿಂತ ಗದ್ದೆಗಳು. ವಾಪಸ್ಸು ಹೋಗಲು ಪೆಟ್ರೋಲು ಸಾಲದು. ಅಂದು ಚೀಲ ಹರಿದು ಹಿತ್ತಿಲ ತುಂಬ ಚೆಲ್ಲಿದ್ದ ಜೋಳ ಕಣ್ಣಮುಂದೆ ಬಂತು.

ಒಂದು ಸುತ್ತು ಹೊಡೆದೆ. ಅಷ್ಟರಲ್ಲಿ ಊರಿನ ಜನವೆಲ್ಲ ಹೋ ಎಂದು ಹೊಲದೊಳಗೆ ನುಗ್ಗತೊಡಗಿದರು. ವಿಮಾನ ನೋಡುವ ಆಸೆಗೆ ಇಳಿಯುವ ಜಾಗದಲ್ಲೇ ನಿಲ್ಲುತ್ತಿದ್ದಾರೆ ಎಂದುಕೊಂಡೆ. ಮೇಲಿನಿಂದಲೇ ಬಾಯಿಗೆ ಬಂದಂತೆ ಬೈದೆ. ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ, ಪುಣ್ಯ.

ಎರಡನೇ ಸುತ್ತಿಗೆ ತಗ್ಗಿನಲ್ಲಿ ಹಾದುಹೋದೆ. ಆಗ ಕಣ್ಣಿಗೆ ಬಿತ್ತು. ಅವರು ಯಾರೂ ಮೇಲೆ ನೋಡುತ್ತಿರಲಿಲ್ಲ. ಗಂಡಸರು, ಸೀರೆ ಎತ್ತಿಕಟ್ಟಿದ ಹೆಂಗಸರು, ಮುದುಕರು, ಹೊಲದ ನಡುವೆ ಒಂದು ಬಂಡಿಜಾಡಿನಷ್ಟು ಅಗಲಕ್ಕೆ ಸಾಲು ಹಿಡಿದು, ಒಬ್ಬರ ಹೆಗಲಿಗೆ ಒಬ್ಬರು ಕೈಹಾಕಿ, ಮಣ್ಣನ್ನು ತುಳಿಯುತ್ತಾ ಮುಂದೆ ಮುಂದೆ ಹೋಗುತ್ತಿದ್ದರು. ಅವರ ಮುಂದೆ ಎತ್ತಿನ ಜೋಡಿಗಳು ಮಣ್ಣು ಸಮ ಮಾಡುವ ಮರದ ಕೊರಡನ್ನು ಎಳೆಯುತ್ತಿದ್ದವು. ಕೊರಡಿನ ಮೇಲೆ ಭಾರಕ್ಕೆಂದು ಜನ ನಿಂತಿದ್ದರು. ಎಲ್ಲರಿಗಿಂತ ಮುಂದೆ ಇಬ್ರಾಹಿಂ ಟೋಪಿಯನ್ನು ಕೈಲಿ ಹಿಡಿದು ಬೀಸುತ್ತಾ, ಮದುವೆ ದಿಬ್ಬಣ ನಡೆಸುವವನ ಹಾಗೆ ಹಿಂದಕ್ಕೆ ತಿರುಗಿ ತಿರುಗಿ ಕೂಗುತ್ತಿದ್ದ. ನನ್ನ ಕಣ್ಣು ಮಂಜಾಯಿತು. ಬೈದಿದ್ದಕ್ಕೆ ನಾಲಿಗೆ ಕಚ್ಚಿಕೊಂಡೆ.

ಪೆಟ್ರೋಲು ಇರುವಷ್ಟು ಹೊತ್ತು ಮೇಲೆ ಸುತ್ತಿದೆ, ಅವರು ಕೆಳಗೆ ತುಳಿದರು. ಎಂಜಿನ್ನು ಒಮ್ಮೆ ಕೆಮ್ಮಿದಾಗ ಇನ್ನು ತಡಮಾಡುವ ಹಾಗಿಲ್ಲ ಎಂದು ರೆಕ್ಕೆ ಅಲ್ಲಾಡಿಸಿದೆ. ಜನ ಎರಡೂ ಬದಿಗೆ ಸರಿದರು. ಇಳಿಸಿದೆ. ಚಕ್ರ ಮಣ್ಣು ಮುಟ್ಟಿದ್ದೇ ಕಾಲುಗಳು ಅಗಲವಾಗಿ, ರಬ್ಬರು ಪೂರ್ತಿ ಹಿಗ್ಗಿ, ತಂತಿಹಗ್ಗ ಟಣ್ಣೆಂದು ಬಿಗಿದದ್ದು ಕೂತಲ್ಲಿಗೇ ತಿಳಿಯಿತು. ಬಾಲ ಮೇಲೆದ್ದಿತು, ಮೂಗು ನೆಲದತ್ತ ವಾಲಿತು. ಮುಗಿಯಿತು ಅಂದುಕೊಂಡೆ. ಆದರೆ ಚಕ್ರ ಹೂತುಕೊಳ್ಳಲಿಲ್ಲ. ಬಾಲ ಅರೆಗಳಿಗೆ ಹಾಗೇ ಇದ್ದು, ಮೆಲ್ಲಗೆ ಹಿಂದಕ್ಕೆ ಬಿತ್ತು. ವಿಮಾನ ಕುಲುಕುತ್ತಾ ಹೋಗಿ ನಿಂತಿತು.

ಮೊದಲು ಓಡಿಬಂದವನು ಇಬ್ರಾಹಿಂ. ಏದುಸಿರು ಬಿಡುತ್ತಾ ನನ್ನನ್ನು ತಬ್ಬಿಕೊಂಡ. ಅವನ ಎಡಗೈಯಲ್ಲಿ ಇನ್ನೂ ಅರ್ಧ ಕಚ್ಚಿದ ಮೆಣಸಿನಕಾಯಿ ಬಜ್ಜಿ ಇತ್ತು. ಊರಿಗೆ ಬಂದವನನ್ನು ಗೌಡರ ಮನೆಯವರು ಹೊಲಕ್ಕೆ ಬಿಡದೆ, ಮೊದಲು ಮಂಡಕ್ಕಿ ತಿನ್ನಿ ಎಂದು ಕೂರಿಸಿಬಿಟ್ಟಿದ್ದರಂತೆ. ನನ್ನ ಎಂಜಿನ್ನಿನ ಸದ್ದು ಕೇಳಿ ಹೊರಗೆ ಓಡಿಬಂದಾಗಲೇ ಅವನು ಹೊಲ ನೋಡಿದ್ದು. "ಗೌಡ್ರಿಗೆ ಒಂದೇ ಮಾತು ಹೇಳ್ದೆ ರುದ್ರಣ್ಣ, ಮಣ್ಣು ಗಟ್ಟಿ ಆಗ್ಲಿಲ್ಲ ಅಂದ್ರ ಅವನು ಉಳಿಯಲ್ಲ ಅಂತ. ಯಾಕ, ಏನು ಅಂತ ಒಬ್ರೂ ಕೇಳ್ಲಿಲ್ಲ."

ಗೌಡರು ಹಿಂದೆ ನಿಂತಿದ್ದರು. ರುಮಾಲು ಬಿಚ್ಚಿಹೋಗಿತ್ತು, ಮೊಣಕಾಲವರೆಗೆ ಮಣ್ಣು. "ನಂದು ತಪ್ಪಾತ್ರಿ. ಗಾಡಿಯಿಂದ ಬಿದ್ದೋರು ಕುಂಟೆ ಹೊಡೆದ ಹೊಲದಾಗ ಬಿದ್ರೆ ಬದುಕ್ತಾರೆ, ಅದ್ಕೇ ನಿಮಗೂ ಹಂಗೇ ಇರ್ಲಿ ಅಂತ..." ನಾನು ಅವರ ಕೈ ಹಿಡಿದುಕೊಂಡೆ.

ಆ ಹೊಲದಿಂದ ಮತ್ತೆ ಏರುವ ಧೈರ್ಯವಾಗಲಿಲ್ಲ. ರೆಕ್ಕೆ ಬಿಚ್ಚಿ ಎತ್ತಿನ ಗಾಡಿಗಳಲ್ಲಿ ಹೇರಿಕೊಂಡು ಬಂದದ್ದು ನೋಡಿ ಸರೋಜ, "ನನ್ನ ಸವತಿ ತವರಿಗೆ ಹೋಗಿ ಗಾಡೀಲಿ ಬಂದ್ಲು" ಎಂದು ನಕ್ಕಳು. ನಡೆದದ್ದನ್ನೆಲ್ಲ ಹೇಳಿದ ಮೇಲೆ ಅತ್ತಳು. ಮುಂದಿನ ವಾರ ಅವಳೇ ಹೋಳಿಗೆ ಮಾಡಿಸಿಕೊಂಡು ಕೊಕ್ಕನೂರಿಗೆ ಹೋಗಿಬಂದಳು.

ಇಬ್ರಾಹಿಂ ಈಗಿಲ್ಲ, ಗೌಡರೂ ಇಲ್ಲ. ಆ ರಬ್ಬರು ಎಂದೋ ಬಿರಿದುಹೋಯಿತು. ವಿಮಾನದ ಹುಚ್ಚು ಹತ್ತಿದ ಹುಡುಗರು ಈಗಲೂ ಬಂದು, ಯಾವ ಕಾಲು ಒಳ್ಳೆಯದು, ಉಕ್ಕೋ ರಬ್ಬರೋ ಎಂದು ಕೇಳುತ್ತಾರೆ. ರಬ್ಬರು ಎನ್ನುತ್ತೇನೆ. ಅದು ನಿಜವೂ ಹೌದು. ಆದರೆ ಅಷ್ಟೇ ಹೇಳಿ ಸುಮ್ಮನಾಗಲು ಮನಸ್ಸು ಒಪ್ಪದೆ ಈ ಕಥೆಯನ್ನೂ ಹೇಳುತ್ತೇನೆ.

ಅಂದು ವಿಮಾನದಿಂದ ಇಳಿದ ಮೇಲೆ ಒಮ್ಮೆ ಹಿಂತಿರುಗಿ ನೋಡಿದ್ದೆ. ನಮ್ಮ ಚಕ್ರಗಳ ಎರಡು ಗೆರೆ ಹೊಲದುದ್ದಕ್ಕೂ ಮೂಡಿದ್ದವು. ಗೆರೆಗಳ ಅಕ್ಕಪಕ್ಕ ಒತ್ತೊತ್ತಾಗಿ ಬರಿಗಾಲಿನ ಗುರುತುಗಳು. ಅವುಗಳಲ್ಲಿ ಯಾವುದು ಯಾರದೆಂದು ನನಗೆ ಗೊತ್ತಿರಲಿಲ್ಲ, ಅವರ ಹೆಸರನ್ನೂ ಕೇಳಿರಲಿಲ್ಲ. ಊರವರ ಕಾಲನ್ನೆಲ್ಲ ಒಬ್ಬೊಬ್ಬರದಾಗಿ ಮುಟ್ಟಿ ನಮಸ್ಕರಿಸಲು ಆಗುವಂತಿರಲಿಲ್ಲ. ಬಗ್ಗಿ ಅವರು ತುಳಿದ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.