ಡೀಸೆಲ್ ಕುಡಿಯುವ ಸ್ಕೂಟರು

ತೊಂಬತ್ತರ ದಶಕದಲ್ಲಿ ನಾನು ಹಲಸೂರಿನಿಂದ ಬೆನ್ಸನ್ ಟೌನಿಗೆ ಟೈಪಿಸ್ಟ್ ಕೆಲಸಕ್ಕೆ ಹೋಗುತ್ತಿದ್ದೆ. ಪೋಲಿಯೊದಿಂದ ಎಡಗಾಲು ಸೋತಿತ್ತು. ನಾನು ಬಸ್ಸಿನ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಕಂಡಕ್ಟರ್ ರೈಟ್ ಅಂದುಬಿಡುತ್ತಿದ್ದ. ಕೊನೆಗೆ ಹಿಂದೆ ಎರಡು ಹೆಚ್ಚುವರಿ ಚಕ್ರ ಕೂರಿಸಿದ ಸ್ಕೂಟರು ಕೊಂಡೆ. ಅಂಗವಿಕಲರು ಹಾಕಿಸಿದ ಪೆಟ್ರೋಲಿನ ದುಡ್ಡಿನಲ್ಲಿ ಒಂದು ಪಾಲನ್ನು ಸರ್ಕಾರ ಹಿಂದಿರುಗಿಸುತ್ತದೆ, ರಸೀದಿ ಕೊಟ್ಟರಾಯಿತು ಎಂದು ಆಮೇಲೆ ತಿಳಿಯಿತು.

"ನಮ್ ಹುಡುಗೀಗೆ ಸರ್ಕಾರದೋರೇ ಪೆಟ್ರೋಲ್ ಹಾಕಿಸ್ತಾರಂತೆ" ಎಂದು ಅಜ್ಜಿ ಬೀದಿಗೆಲ್ಲ ಸಾರಿದಳು.

ಅಂಗವಿಕಲರಿಗೆಂದೇ ಇದ್ದ ಆ ಕಚೇರಿ ಶಿವಾಜಿನಗರದಲ್ಲಿ, ಮೊದಲ ಮಹಡಿಯ ಮೇಲಿತ್ತು. ಏದುಸಿರು ಬಿಡುತ್ತಾ ಹತ್ತಿ ಹೋಗಿ ರಸೀದಿಗಳ ಕಟ್ಟು ಕೊಟ್ಟೆ. ಧಾರವಾಡ ಕಡೆಯ ಗುಮಾಸ್ತರು ಒಂದೊಂದೇ ತಿರುವಿ ಹಾಕುತ್ತಾ ನಡುವೆ ನಿಂತರು.

"ಬಾಯಾರ, ನಿಮ್ಮ ಸ್ಕೂಟರ್ ಡೀಸೆಲ್ ಕುಡಿತೈತೇನ್ರೀ?"

"ಇಲ್ಲ ಸಾರ್, ಪೆಟ್ರೋಲು."

"ಮತ್ತ ಇದೇನ್ರೀ? ಲಾರಿಗೆ ಹಾಕೂವಷ್ಟು ಡೀಸೆಲ್ ಐತಲ್ಲ!"

ಆ ರಸೀದಿ ಎಲ್ಲಿಂದ ಬಂತೋ ನನಗೆ ಗೊತ್ತಿರಲಿಲ್ಲ. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು, "ಗಾಡಿ ಖುದ್ದ ನೋಡಬೇಕಾತು" ಎಂದು ಎದ್ದರು.

ಕೆಳಗೆ ಬಂದು ಸ್ಕೂಟರಿಗೆ ಒಂದು ಸುತ್ತು ಹಾಕಿದರು. "ನಾಕು ಚಕ್ರ ಅದಾವ. ಇದು ಕಾರ್ ಅಲ್ಲೇನ್ರೀ? ನೀವ ಹೊಡೀತೀರಿ ಅನ್ನಾಕ ಏನ್ ಖಾತ್ರಿ?"

ನನಗೂ ರೇಗಿತು. "ಹತ್ತಿ ಸಾರ್, ತೋರಿಸ್ತೀನಿ."

ಅವರು ಅಂಜುತ್ತಲೇ ಹಿಂದೆ ಕೂತರು. ಮಾರ್ಕೆಟ್ಟಿನ ಜನಜಂಗುಳಿಯೊಳಗೆ ನುಗ್ಗಿಸಿದೆ. ಮಾಂಸದಂಗಡಿಯ ಸಾಹೇಬರೊಬ್ಬರು "ಅರೇ, ಹಲ್ಲೂ ಹಲ್ಲೂ!" ಎಂದು ಕೂಗಿದರು. ಗುಮಾಸ್ತರು ಗಾಬರಿಯಿಂದ ಬಾಯಿಗೆ ಕೈ ಅಡ್ಡ ಹಿಡಿದರು.

"ಹಲ್ಲಿಗೇನಾತ್ರೀ?"

"ನಿಧಾನ ಹೋಗು ಅಂತಿದಾರೆ ಸಾರ್."

"ಹಂಗಾದ್ರ ಹೋಗ್ರೀ ನಿಧಾನ!"

ಸ್ಕೂಟರು ಕೊಳ್ಳುವ ಮೊದಲು, ಬಸ್ಸು ತಪ್ಪಿದರೆ ಯಾರಾದರೂ ನನ್ನನ್ನು ಕರೆದೊಯ್ಯಬೇಕಿತ್ತು. ಈಗ ಸರ್ಕಾರಿ ನೌಕರರೊಬ್ಬರು ನನ್ನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಗು ತಡೆದುಕೊಳ್ಳುವುದೇ ಕಷ್ಟವಾಯಿತು. ಕಚೇರಿಯ ಮುಂದೆ ಬ್ರೇಕ್ ಹಾಕಿದೆ. ಅವರು ಇಳಿಯಲಿಲ್ಲ.

"ಇನ್ನೊಂದ್ ಸುತ್ತ ಹೋಗೂಣೇನ್ರೀ? ತಪಾಸಣಿ ಪೂರ್ತಿ ಆಗಬೇಕಲ್ಲ."

ಎರಡನೆಯ ಸುತ್ತಿನಲ್ಲಿ ಪರಿಚಯದವರಿಗೆ ಕೈ ಕೂಡ ಬೀಸಿದರು. ವಾಪಸು ಬಂದ ಮೇಲೆ ನನ್ನನ್ನು ಕೆಳಗೇ ಕೂರಿಸಿ, ತಾವೇ ಮೇಲೆ ಹೋಗಿ ಡೀಸೆಲ್ ರಸೀದಿಯನ್ನು ಕಿತ್ತು ತಂದುಕೊಟ್ಟರು. ಉಳಿದದ್ದೆಲ್ಲ ಮಂಜೂರಾಯಿತು.

ಮನೆಯಲ್ಲಿ ವಿಚಾರಿಸಿದರೆ ಅಜ್ಜಿ ಕೂಡಲೇ ಒಪ್ಪಿಕೊಂಡಳು. ಬಾಣಸವಾಡಿಯ ಸೋದರಮಾವ ತಮ್ಮ ಟೆಂಪೊದ ರಸೀದಿ ತಂದು, "ಇದ್ನೂ ಸೇರ್ಸ್ಬಿಡವ್ವ" ಅಂದಿದ್ದರಂತೆ. ಓದು ಬಾರದ ಅಜ್ಜಿ ಅದನ್ನು ಶ್ರದ್ಧೆಯಿಂದ ನನ್ನ ಕಟ್ಟಿನೊಳಗೆ ಸೇರಿಸಿದ್ದಳು.

ಭಾನುವಾರ ಬಂದ ಮಾವನಿಗೆ ರಸೀದಿ ಹಿಂದಿರುಗಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ನಿಟ್ಟುಸಿರಿಟ್ಟು ಜೇಬಿಗೆ ಹಾಕಿಕೊಂಡರು.

"ಹೋಗ್ಲಿ ಬಿಡವ್ವ. ಕಾಲ್ ನೆಟ್ಟಗಿರೋರ್ಗೆ ಈ ಸರ್ಕಾರದಲ್ಲಿ ಬೆಲೆನೇ ಇಲ್ಲ."