ಅತ್ತಿಗೆಯ ಧಾರೆ ಸೀರೆ

ಆ ಸೀರೆ ಹಸಿರು ಬಣ್ಣದ್ದು ಎಂದು ಬಹಳ ವರ್ಷ ನಂಬಿದ್ದೆ. ಅತ್ತಿಗೆ ಹೇಳುವ ಪ್ರಕಾರ ಅದು ಅರಿಸಿನ ಬಣ್ಣದ್ದು, ಅಂಚು ಮಾತ್ರ ಕೆಂಪು. ಉಟ್ಟವರ ಮಾತೇ ಸರಿ ಇರಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲೂ ಇಂಥವು ಇರಬಹುದು. ಆ ಬೇಸಿಗೆಯ ನನ್ನ ದಿನಚರಿಯಲ್ಲಿ ಸೀರೆಯ ಮಾತೇ ಇಲ್ಲ. ಹಾರ್ಮೋನಿಯಂ ಕೆಟ್ಟದ್ದು, ನಾಟಕಕ್ಕೆಂದು ಚನ್ನಗಿರಿಯಿಂದ ಬಾಡಿಗೆಗೆ ತರಿಸಿದ ಪರದೆಗಳಲ್ಲಿ ಅರಮನೆಯ ಪರದೆಯನ್ನು ಇಲಿ ಕಡಿದದ್ದು, ಇವೇ ಇವೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಆಗ ತಾನೇ ಊರಿಗೆ ಬಂದಿದ್ದ ನನಗೆ ಅವೇ ದೊಡ್ಡ ಸಂಗತಿಗಳಾಗಿ ಕಂಡಿದ್ದವು. ಯುರೋಪಿನಲ್ಲಿ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು.

ನಮ್ಮೂರು ಹೊನ್ನಾಳಿಗೂ ನ್ಯಾಮತಿಗೂ ನಡುವೆ, ಹೊಳೆಯ ದಂಡೆಯಲ್ಲಿದೆ. ನಮ್ಮ ಮನೆ ಮೇಲಿನ ಕೇರಿಯಲ್ಲಿ, ಅಣ್ಣನ ಹೆಂಡತಿಯ ತವರು ಕೆಳಗಿನ ಕೇರಿಯಲ್ಲಿ. ನಮ್ಮ ಹಿತ್ತಿಲಲ್ಲಿ ನಿಂತರೆ ಅವರ ಮನೆಯ ಒಗ್ಗರಣೆಯ ವಾಸನೆ ಬರುತ್ತಿತ್ತು. ಆದರೂ ಮದುವೆಯಾಗಿ ಬಂದ ದಿನದಿಂದ ಅತ್ತಿಗೆ ಆ ಮನೆಗೆ ಹೋಗಿರಲಿಲ್ಲ.

ಎರಡು ಮನೆಯ ಸಂಬಂಧ ಕೆಟ್ಟದ್ದು ಮದುವೆಯ ದಿನವೇ. ಊರಿನ ಯಾವ ಶುಭಕಾರ್ಯದಲ್ಲೂ ಮೊದಲ ಎಲೆ ಅಡಿಕೆ ನಮ್ಮ ಮನೆಗೆ ಸಲ್ಲಬೇಕೆಂದು ಅಪ್ಪನ ಹಠ. ಹೆಣ್ಣಿನ ತಂದೆ ಅದನ್ನು ಸಂತೇಬೆನ್ನೂರಿನಿಂದ ಬಂದಿದ್ದ ತಮ್ಮ ಸೋದರಮಾವನ ಕೈಗೆ ಕೊಟ್ಟರು. ಮರೆತು ಕೊಟ್ಟರೋ, ಬೇಕೆಂದೇ ಕೊಟ್ಟರೋ, ಎರಡು ಕೇರಿಯಲ್ಲಿ ಎರಡು ಕಥೆ ಇದ್ದವು. ಅಪ್ಪ ಊಟದ ಎಲೆ ಬಿಟ್ಟು ಎದ್ದರು. ಧಾರೆ ಮುಗಿದಿತ್ತು, ಸೊಸೆಯನ್ನು ಕರೆದುಕೊಂಡು ಬಂದರು. ಆ ಮನೆಯವರು ನಮ್ಮ ಹೊಸಿಲು ದಾಟಬಾರದು, ನಮ್ಮವರು ಅವರ ಹೊಸಿಲು ತುಳಿಯಬಾರದು ಎಂದು ಮನೆದೇವರ ಮುಂದೆ ಆಣೆ ಇಟ್ಟರು. ಆ ಕಡೆಯ ಯಜಮಾನರೂ ಅಂಥದ್ದೇ ಆಣೆ ಇಟ್ಟರಂತೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ಪದ್ಧತಿ. ಅತ್ತಿಗೆಯದು ನಮ್ಮ ಹಿಂದಿನ ಕೋಣೆಯಲ್ಲೇ ಆಯಿತು. ತಾಯಿ ಮಗಳು ಒಬ್ಬರನ್ನೊಬ್ಬರು ಕಾಣುತ್ತಿದ್ದದ್ದು ಹೊಳೆಯಲ್ಲಿ ಮಾತ್ರ. ಎರಡು ಕೇರಿಯ ಹೆಂಗಸರಿಗೆ ಬೇರೆ ಬೇರೆ ಮೆಟ್ಟಿಲುಗಳಿದ್ದವು. ತಾಯಿ ಕೊಡ ತುಂಬಿದ ಮೇಲೂ ಸುಮ್ಮನೆ ನಿಂತಿರುತ್ತಿದ್ದರು. ಅತ್ತಿಗೆ ಈ ಕಡೆಯಿಂದ ಮಗುವಿನ ಮುಖ ಅತ್ತ ತಿರುಗಿಸಿ ಎತ್ತಿ ಹಿಡಿಯುತ್ತಿದ್ದರು. ಕೂಗಿದರೆ ಕೇಳುವಷ್ಟೇ ದೂರ. ಇಬ್ಬರೂ ಕೂಗುತ್ತಿರಲಿಲ್ಲ.

ಇಂಥ ಊರಿನಲ್ಲಿ ನಾಟಕ ಆಡಬೇಕು, ನೀನೇ ಬರೆದುಕೊಡು ಎಂದು ಹುಡುಗರು ಗಂಟುಬಿದ್ದರು. ಕಾಲೇಜಿನಲ್ಲಿ ಓದಿದ್ದ ಇಂಗ್ಲಿಷಿನ ಹಳೆಯ ದುರಂತ ನಾಟಕವನ್ನು ನಾನು ಕನ್ನಡಕ್ಕೆ ಇಳಿಸಿದೆ. ಹಗೆ ಸಾಧಿಸುವ ಎರಡು ಮನೆತನ, ಒಂದು ಮನೆಯ ಹುಡುಗ, ಇನ್ನೊಂದು ಮನೆಯ ಹುಡುಗಿ, ಗುಟ್ಟಿನ ಮದುವೆ, ಸರಿಯಾಗಿ ತಲುಪದ ಸುದ್ದಿ, ಇಬ್ಬರ ಸಾವು. ನಮ್ಮೂರಿಗೆ ಬುದ್ಧಿ ಹೇಳಲೆಂದೇ ಆ ಕಥೆ ಆರಿಸಿದೆ ಎಂದು ಆಮೇಲೆ ಹಲವರ ಮುಂದೆ ಹೇಳಿಕೊಂಡಿದ್ದೇನೆ. ನಿಜವೇ? ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ನಾಟಕ ಅದೊಂದೇ ಎಂಬುದೂ ಅಷ್ಟೇ ನಿಜ.

ಹೆಣ್ಣು ಪಾತ್ರಕ್ಕೆ ಹೊಂದುವ ಕಂಠ ಇದ್ದದ್ದು ಊರಿಗೆಲ್ಲ ಒಬ್ಬನಿಗೇ: ಅತ್ತಿಗೆಯ ತಮ್ಮನಿಗೆ. ನಾಯಕನಾಗಿ ನಮ್ಮ ಕೇರಿಯ ಪೈಲ್ವಾನ. ರಂಗದ ಮೇಲೆ ಸೇರಿದರೆ ಆಣೆ ಮುರಿದಂತಲ್ಲ ಎಂದು ಎರಡೂ ಮನೆಯ ಹಿರಿಯರು ಒಪ್ಪಿದರು. ಎರಡು ಕೇರಿಯವರು ತಾಲೀಮಿಗೆ ಒಟ್ಟಿಗೆ ಕೂರುವುದಕ್ಕೆ ಮಾತ್ರ ಒಪ್ಪಲಿಲ್ಲ. ಹೀಗಾಗಿ ಜಗಳೂರು ಕಡೆಯಿಂದ ಕರೆಸಿದ್ದ ಹಾರ್ಮೋನಿಯಂ ಮಾಸ್ತರು ಬೆಳಿಗ್ಗೆ ಮೇಲಿನ ಕೇರಿಯಲ್ಲಿ ನಾಯಕಿಯಾಗಿ ನಿಲ್ಲುತ್ತಿದ್ದರು, ಸಂಜೆ ಕೆಳಗಿನ ಕೇರಿಯಲ್ಲಿ ನಾಯಕನಾಗಿ.

"ಮಾಸ್ತರೇ, ನಿಮ್ಮ ಮೀಸೆ ನೋಡ್ಕಂಡು ಪ್ರೀತಿ ಮಾಡಾಕೆ ಆಗಲ್ರೀ" ಎಂದು ಪೈಲ್ವಾನ ಕೈ ಚೆಲ್ಲಿದ.

"ಮೀಸೆ ಯಾಕೋ ನೋಡ್ತೀಯ? ಕಣ್ಣು ನೋಡು."

"ಕಣ್ಣಾಗೆ ನಶ್ಯದ ನೀರು ಸುರೀತೈತೆ."

ಮಾಸ್ತರಿಗೆ ನನ್ನ ಮೇಲೂ ಸಿಟ್ಟಿತ್ತು. "ಏನ್ರೀ ಬಿ.ಎ., ಎರಡು ಹೆಣ ಕೆಡವಿ ಮಂಗಳ ಹೆಂಗ್ರೀ ಹಾಡ್ಲಿ? ಕೊನೆಗೆ ಈಶ್ವರ ಬಂದು ಎಬ್ಬಿಸ್ಲಿ. ಈಶ್ವರನ ಡ್ರೆಸ್ಸು ನನ್ನತ್ರಾನೇ ಐತೆ."

ಈಶ್ವರ ಬಂದರೆ ಅದು ದುರಂತ ಆಗುವುದಿಲ್ಲ ಎಂದು ನಾನು ಪಟ್ಟು ಹಿಡಿದೆ. ಇಬ್ಬರೂ ಸಾಯಲಿ, ಹಿರಿಯರು ಅತ್ತು ರಾಜಿಯಾಗಲಿ, ಪರದೆ ಬಿದ್ದ ಮೇಲೆ ಎಲ್ಲರೂ ಎದ್ದು ನಿಂತು ಮಂಗಳ ಹಾಡಲಿ ಎಂದು ತೀರ್ಮಾನವಾಯಿತು.

ಗುಟ್ಟಿನ ಮದುವೆಯ ದೃಶ್ಯಕ್ಕೆ ಒಳ್ಳೆಯ ಸೀರೆ ಬೇಕಿತ್ತು. ಮನೆಮನೆಗಳಲ್ಲಿ ಹಳೆಯವನ್ನೇ ಕೊಟ್ಟರು. ಒಂದು ಮಧ್ಯಾಹ್ನ ಅತ್ತಿಗೆ ಟ್ರಂಕು ತೆಗೆದು ತಮ್ಮ ಧಾರೆ ಸೀರೆಯನ್ನೇ ನನ್ನ ತೊಡೆಯ ಮೇಲೆ ಇಟ್ಟರು.

"ಇದನ್ನ ಉಡಿಸ್ರಿ. ನನ್ನ ತಮ್ಮ ಉಡೋದು, ಚಂದಾಗಿರ್ಲಿ."

"ಧಾರೆ ಸೀರೇನಾ ಅತ್ತಿಗೆ? ಅಜ್ಜಿ ಬೈಯಲ್ವಾ?"

"ಮದುವಿ ಸೀನಿಗೆ ತಾನೇ ಕೊಡ್ತಿರೋದು ಬಿ.ಎ. ಸಾಹೇಬ್ರೇ? ತಗೊಂಡೋಗ್ರಿ."

ಸೀರೆ ಉಡಿಸಲು ಅರ್ಧ ಗಂಟೆ ಹಿಡಿಯುತ್ತಿದ್ದುದರಿಂದ ಮದುವೆಯಾದ ಮೇಲೆ ನಾಯಕಿಗೆ ಬೇರೆ ಸೀರೆ ಇರಲಿಲ್ಲ. ಅದೇ ಸೀರೆಯಲ್ಲಿ ಅವಳು ಸಾಯಬೇಕಿತ್ತು. ಇದರಿಂದ ಏನಾಗಬಹುದೆಂದು ಮಾಸ್ತರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಾಟಕದ ದಿನ ಊರೆಲ್ಲ ಸೇರಿತ್ತು. ತ್ಯಾವಣಿಗೆಯಿಂದಲೂ ಗಾಡಿಗಳು ಬಂದಿದ್ದವು. ಮದುವೆಯ ದೃಶ್ಯದಲ್ಲಿ ಅತ್ತಿಗೆಯ ತಾಯಿ ಸೀರೆಯ ಗುರುತು ಹಿಡಿದು, ಪಕ್ಕದವರಿಗೆಲ್ಲ ತೋರಿಸಿ ಕಣ್ಣೊರೆಸಿಕೊಂಡರಂತೆ. ಅದಕ್ಕೂ ಮುಂಚೆ, ಮೊದಲ ಭೇಟಿಯ ದೃಶ್ಯದಲ್ಲಿ, ಪೈಲ್ವಾನ ನಿಜವಾದ ನಾಯಕಿಯನ್ನು ಕಂಡು ಮಾತು ಮರೆತು ನಿಂತ. ಜನ ಅದನ್ನು ಪ್ರೇಮವೆಂದು ತಿಳಿದು ಚಪ್ಪಾಳೆ ತಟ್ಟಿದರು. ಕೊನೆಗೆ ನಾಯಕ ವಿಷ ಕುಡಿದು ಬಿದ್ದ. ನಾಯಕಿ ಕಠಾರಿ ಚುಚ್ಚಿಕೊಂಡು ಅವನ ಎದೆಯ ಮೇಲೆ ಒರಗಿದಳು. ಆಗಲೇ ಕೆಳಗಿನ ಕೇರಿಯ ಹೆಂಗಸರ ನಡುವಿನಿಂದ ಒಂದು ಚೀರಾಟ ಎದ್ದಿತು.

"ಅಯ್ಯೋ, ಮುತ್ತೈದೆ ಸೀರೇನ ಹೆಣಕ್ಕೆ ಉಡ್ಸಿದ್ರಲ್ಲೋ!"

ಸತ್ತ ನಾಯಕಿ ಗಾಬರಿಯಾಗಿ ಎದ್ದು ಕೂತಳು. "ಅವ್ವಾ, ನಾನು ಸತ್ತಿಲ್ಲ ಕಣವ್ವಾ!"

"ನೀನು ಸುಮ್ಕಿರೋ ಮೂದೇವಿ! ಮೈಮ್ಯಾಲಿನ ಸೀರೆ ಯಾರ್ದು ಅಂತ ನೋಡ್ಕಂಡ್ಯಾ?"

ಯಾರೋ ನಕ್ಕರು, ಮರುಕ್ಷಣ ಎಲ್ಲರಿಗೂ ಅರ್ಥವಾಯಿತು. ಗಂಡ ಬದುಕಿರುವ ಹೆಂಗಸಿನ ಧಾರೆ ಸೀರೆ ಹೆಣದ ಮೈಮೇಲೆ ಬಿದ್ದಿತ್ತು. ಗದ್ದಲದಲ್ಲಿ ಮಾಸ್ತರು ಹಾರ್ಮೋನಿಯಂ ಮುಚ್ಚಿಬಿಟ್ಟರು. ಮಂಗಳ ಹಾಡಲೇ ಇಲ್ಲ.

ಆಗ ಅತ್ತಿಗೆ ಬಾಯಿಗೆ ಸೆರಗು ಹಿಡಿದು ರಂಗವನ್ನು ಬಿಟ್ಟು ತಾಯಿಯನ್ನೇ ನೋಡುತ್ತಿದ್ದರು. ಆ ಮುಖ ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ನಾನು ಪರದೆಯ ಹಿಂದೆ ನಿಂತು ನಟರಿಗೆ ಮಾತು ಎತ್ತಿಕೊಡುತ್ತಿದ್ದೆ. ಅಲ್ಲಿಂದ ಹೆಂಗಸರು ಕೂತ ಜಾಗ ಕಾಣುತ್ತಲೇ ಇರಲಿಲ್ಲ. ಹಾಗಾದರೆ ಈ ಮುಖ ನನ್ನೊಳಗೆ ಎಲ್ಲಿಂದ ಬಂತು?

ಬೆಳಗಾಗುವಷ್ಟರಲ್ಲಿ ನಮ್ಮ ಮನೆ ಸೂತಕದ ಮನೆಯಂತಾಗಿತ್ತು. ಅಪ್ಪ ಅಣ್ಣನನ್ನು ಹೊರಗೆ ಹೋಗಲು ಬಿಡಲಿಲ್ಲ. ಹಾವು, ಗಾಡಿ, ಹೊಳೆ, ಎಲ್ಲದರ ಭಯ. ಅಜ್ಜಿ, ಅಪ್ಪನ ತಾಯಿ, ಕಂಬಕ್ಕೆ ಒರಗಿ ಕೂತು ಮಾತು ತೆಗೆದರು.

"ಆ ಸೀರೆ ಹೊಳೆಗೆ ಬಿಡಬೇಕು. ತೌರಿನೋರು ಬಂದು ಹೊಸ ಸೀರೆ ಉಡ್ಸಿ ಉಡಿ ತುಂಬಬೇಕು. ಹೆತ್ತವ್ವನ ಕೈಲೇ ಆಗಬೇಕು."

"ಬೇರೆ ಯಾರಾದ್ರೂ ಮುತ್ತೈದೇರು ತುಂಬಿದ್ರೆ ಆಗಲ್ವೇನವ್ವ?" ಎಂದರು ಅಪ್ಪ.

"ನಿನ್ನ ಮಗನ ಆಯುಸ್ಸು ಕಣೋ. ನಿನ್ನ ಎಲೆ ಅಡಿಕೆ ಅಲ್ಲ."

ಅಪ್ಪ ಬಹಳ ಹೊತ್ತು ಅಂಗಳದಲ್ಲಿ ಸುತ್ತಾಡಿದರು. ಆಮೇಲೆ ನನ್ನ ಹತ್ತಿರ ಬಂದು ಬೇರೆಲ್ಲೋ ನೋಡುತ್ತ ಹೇಳಿದರು: "ಹೋಗಿ ಆಯಮ್ಮನ್ನ ಕರ್ಕಂಡ್ ಬಾ. ನಾನು ಕರೆದೆ ಅನ್ಬ್ಯಾಡ. ಅಜ್ಜಿ ಕರೆದ್ರು ಅನ್ನು."

ನಾನು ಹೋಗುವಷ್ಟರಲ್ಲಿ ಅತ್ತಿಗೆಯ ತಾಯಿ ಮಿಂದು, ಮಡಿಚಿದ ಹೊಸ ಸೀರೆ, ಅಕ್ಕಿ, ಕೊಬ್ಬರಿ, ಅರಿಸಿನ ಕುಂಕುಮಗಳನ್ನು ಮೊರದಲ್ಲಿ ಇಟ್ಟುಕೊಂಡು ಬಾಗಿಲಲ್ಲೇ ಕೂತಿದ್ದರು. ಅವರ ಯಜಮಾನರು ಜಗುಲಿಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದರು.

ನಮ್ಮ ಹೊಸಿಲ ಮುಂದೆ ಆಕೆ ನಿಂತರು. "ದಾಟ್ಲೇನವ್ವಾ?" ಎಂದು ಒಳಗಿದ್ದ ಅಜ್ಜಿಯನ್ನು ಕೇಳಿದರು. ಅಜ್ಜಿ "ಬಾರವ್ವ, ಬಾ" ಎಂದರು. ನಡುಮನೆಯಲ್ಲಿ ಮಗಳಿಗೆ ಸೀರೆ ಉಡಿಸುವಾಗ ಆಕೆ ನೆರಿಗೆಯನ್ನು ಎರಡು ಸಲ ಹಿಡಿದು ಎರಡು ಸಲವೂ ಬಿಟ್ಟರು. ನೆರಿಗೆಯನ್ನು ಕೊನೆಗೆ ಅತ್ತಿಗೆಯೇ ಹಿಡಿದರು. ಉಡಿ ತುಂಬಿದ ಮೇಲೆ ಆಕೆ ಎಲೆ ಅಡಿಕೆಯ ತಟ್ಟೆಯನ್ನು ಅಪ್ಪ ಕೂತಿದ್ದ ಕಡೆ, ಮುಟ್ಟುವಷ್ಟು ದೂರದಲ್ಲಿ ನೆಲದ ಮೇಲೆ ಇಟ್ಟರು. ಅಪ್ಪ ತೆಗೆದುಕೊಂಡರೆಂದು ಅಣ್ಣ ಹೇಳುತ್ತಾನೆ. ನನ್ನ ನೆನಪಿನಲ್ಲಿ ಆ ತಟ್ಟೆ ಮಧ್ಯಾಹ್ನದವರೆಗೂ ಅಲ್ಲೇ ಇತ್ತು. ಯಜಮಾನರಿಬ್ಬರೂ ಸಾಯುವವರೆಗೂ ಮಾತಾಡಲಿಲ್ಲ ಎಂಬುದು ಮಾತ್ರ ಖಂಡಿತ.

ಈಗ ನನ್ನನ್ನು ಕಾಡುವ ಪ್ರಶ್ನೆ ಒಂದೇ. ಅಡುಗೆಮನೆಯಲ್ಲಿ ಅತ್ತಿಗೆ ರೊಟ್ಟಿ ತಟ್ಟುತ್ತ, "ಕೊನೆಗೆ ಆ ಹುಡುಗಿ ಏನಾಗ್ತಾಳೆ?" ಎಂದು ಕೇಳಿದ್ದು, ಮದುವೆಗೆ ಉಟ್ಟ ಸೀರೆಯಲ್ಲೇ ಸಾಯುತ್ತಾಳೆ ಎಂದು ನಾನು ಹೇಳಿದ್ದು ನೆನಪಿದೆ. ಅದು ಸೀರೆ ಕೊಡುವುದಕ್ಕೆ ಮುಂಚೆಯೋ, ನಾಟಕವೆಲ್ಲ ಮುಗಿದ ಮೇಲೋ? ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಮುಂಚೆ ಎಂದಾದರೆ ಅವರು ಎಲ್ಲ ಗೊತ್ತಿದ್ದೇ ಸೀರೆ ಕೊಟ್ಟರು, ಇಡೀ ಊರಿನಲ್ಲಿ ಆ ನಾಟಕವನ್ನು ಸರಿಯಾಗಿ ಬಳಸಿಕೊಂಡವರು ಅವರೊಬ್ಬರೇ. ಇತ್ತೀಚೆಗೆ ಕೇಳಿಯೇಬಿಟ್ಟೆ. ಅತ್ತಿಗೆ ನಕ್ಕು, "ಹುಂ ಅಂದ್ರೆ ಬರ್ಕಂತೀರಿ, ಇಲ್ಲ ಅಂದ್ರೂ ಬರ್ಕಂತೀರಿ, ಸುಮ್ಕಿರ್ರಿ" ಎಂದರು.

ಉಡಿ ತುಂಬಿದ ದಿನವೇ ಮಧ್ಯಾಹ್ನ ಅವರೇ ಹೋಗಿ ಧಾರೆ ಸೀರೆಯನ್ನು ಹೊಳೆಗೆ ಬಿಟ್ಟು ಬಂದರು. ಸಂಜೆ ಮಗುವನ್ನು ಕಂಕುಳಿಗೆ ಹಾಕಿಕೊಂಡು, ಯಾರನ್ನೂ ಕೇಳದೆ ಕೆಳಗಿನ ಕೇರಿಗೆ ಇಳಿದರು. ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಊಟಕ್ಕೆ ಕೂತ ಅಪ್ಪ ಒಮ್ಮೆ ಅಡುಗೆಮನೆಯ ಕಡೆ ನೋಡಿದರು. ಸೊಸೆ ಎಲ್ಲಿ ಎಂದು ಕೇಳಲಿಲ್ಲ.